ಎಲ್ಲ ಕ್ಲಿಕ್ಕೂ ನಟ್ಟನಡುವೆ

ಆ ಮೇಲ್ ಅನ್ನು ನಾನು ಇನ್ನೂ ಡಿಲೀಟ್ ಮಾಡಿಲ್ಲ. ನಾನೇ ಬರೆದದ್ದು, ಕ್ಲೈಂಟ್‌ಗೆ ಕಳಿಸಿದ ಉತ್ತರ. "ನಮ್ಮ ಕಡೆಯಿಂದ ಕ್ಲಿಕ್ ಸರಿಯಾಗಿಯೇ ಬರುತ್ತಿವೆ. ಜಾಹೀರಾತು ಒತ್ತಿದ ಮೇಲೆ ತೆರೆಯುವ ನಿಮ್ಮ ಲ್ಯಾಂಡಿಂಗ್ ಪೇಜ್ ತುಂಬಾ ನಿಧಾನ ಇದೆ, ಅದಕ್ಕೇ ಜನ ವಾಪಸ್ ಹೋಗುತ್ತಿದ್ದಾರೆ. ಸ್ಪೀಡ್ ರಿಪೋರ್ಟ್ ಲಗತ್ತಿಸಿದ್ದೇನೆ, ನೋಡಿ." ಬರೆಯಲು ಐದು ನಿಮಿಷವೂ ಹಿಡಿದಿರಲಿಲ್ಲ.

ನಾನು ಒಂದು ಕಂಟೆಂಟ್ ಸೈಟಿನ ಆಡ್ ಆಪ್ಸ್‌ನಲ್ಲಿದ್ದೇನೆ, ಅಂದರೆ ಸೈಟಿನಲ್ಲಿ ಜಾಹೀರಾತು ಓಡಿಸುವ ವಿಭಾಗ. ಆ ಕ್ವಾರ್ಟರ್ ನಮಗೆ ಕಷ್ಟದ್ದು. ಸರ್ಚ್‌ನಿಂದ ಬರುವವರು ಕಡಿಮೆಯಾಗಿದ್ದರು. ಡೈರೆಕ್ಟ್ ಡೀಲ್‌ಗಳಿಗೆ ಒಪ್ಪಿಕೊಂಡಿದ್ದಷ್ಟು ಇನ್ವೆಂಟರಿ, ಅಂದರೆ ಜಾಹೀರಾತು ತೋರಿಸುವ ಅವಕಾಶ, ಇರಲಿಲ್ಲ. ಯಾವ ಜಾಹೀರಾತು ಗುರಿಯತ್ತ ಎಷ್ಟು ಸಾಗಿದೆ ಅಂತ ತೋರಿಸುವ ಪೇಸಿಂಗ್ ರಿಪೋರ್ಟ್ ತೆಗೆದರೆ ಅರ್ಧ ಲೈನ್ ಐಟಂ, ಅಂದರೆ ಒಪ್ಪಿಕೊಂಡ ಜಾಹೀರಾತುಗಳು, ಕೆಂಪು. ಆಗ ಮೇಲಿನವರು ಹಣಕ್ಕೆ ಸೈಟಿಗೆ ಜನರನ್ನು ಕಳಿಸುವ ಒಬ್ಬ ಟ್ರಾಫಿಕ್ ವೆಂಡರ್‌ನನ್ನು ಹಿಡಿದರು. ಸೆಷನ್‌ಗೆ, ಅಂದರೆ ಒಬ್ಬರ ಒಂದು ಭೇಟಿಗೆ, ಇಷ್ಟು ಅಂತ ದರ. ಆ ಸೆಷನ್‌ನಿಂದ ಜಾಹೀರಾತಿನಲ್ಲಿ ನಾವು ಗಳಿಸುವುದು ಅದಕ್ಕಿಂತ ಸ್ವಲ್ಪ ಜಾಸ್ತಿ. ಲೆಕ್ಕ ಚೆನ್ನಾಗಿ ಕೂತಿತು. ಇಷ್ಟು ಅಗ್ಗಕ್ಕೆ ನಿಜವಾದ ಓದುಗರನ್ನು ಎಲ್ಲಿಂದ ತರುತ್ತೀರಿ ಅಂತ ಆ ಮೀಟಿಂಗ್‌ನಲ್ಲಿ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ನಾನು ಮಾಡಿದ್ದು ಬೇರೆ. ಕಳಪೆ ಟ್ರಾಫಿಕ್ ಬರಬಾರದು ಅಂತ ಒಪ್ಪಂದಕ್ಕೆ ಒಂದು ಷರತ್ತು ಸೇರಿಸಿದೆ. ಬಂದವರು ಪೇಜಿನಲ್ಲಿ ಕನಿಷ್ಠ 10 ಸೆಕೆಂಡ್ ಇರಬೇಕು, ಎಲ್ಲಾದರೂ ಒಂದು ಕ್ಲಿಕ್ ಮಾಡಿರಬೇಕು, ಆಗ ಮಾತ್ರ ಹಣ. 10 ಸೆಕೆಂಡ್ ಯಾಕೆ ಅಂದರೆ, ಸೈಟಿಗೆ ಬಂದವರನ್ನು ಎಣಿಸುವ ಗೂಗಲ್ ಅನಲಿಟಿಕ್ಸ್ 4 ಸಾಮಾನ್ಯವಾಗಿ 10 ಸೆಕೆಂಡ್ ದಾಟಿದ ಸೆಷನ್ ಅನ್ನು ಎಂಗೇಜ್ಡ್, ಅಂದರೆ ಗಮನ ಕೊಟ್ಟ ಭೇಟಿ, ಅಂತ ಎಣಿಸುತ್ತದೆ. ವೆಂಡರ್ ಒಂದು ಮಾತೂ ಆಡದೆ ಸಹಿ ಹಾಕಿದ. ಅವನು ಅಷ್ಟು ಸುಲಭವಾಗಿ ಒಪ್ಪಿದ್ದು ನೋಡಿ ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ, ಖುಷಿಯಾಯಿತು.

ಎರಡು ವಾರದಲ್ಲಿ ಡ್ಯಾಶ್‌ಬೋರ್ಡ್ ಹಸಿರಾಯಿತು. ಪೇಜ್‌ವ್ಯೂ ಏರಿತು, ಜಾಹೀರಾತು ನೋಡಿದವರಲ್ಲಿ ಎಷ್ಟು ಪಾಲು ಕ್ಲಿಕ್ ಮಾಡಿದರು ಅನ್ನುವ ಸಿಟಿಆರ್ ಏರಿತು, ಕ್ಲಿಕ್ ಲೆಕ್ಕದಲ್ಲಿ ಹಣ ಕೊಡುವ ಸಿಪಿಸಿ ಕ್ಯಾಂಪೇನ್‌ಗಳೆಲ್ಲ ಗುರಿ ಮುಟ್ಟಿದವು. ನಮ್ಮ ಡೇಟಾ ಟೀಮಿನಲ್ಲಿ ಆಗಷ್ಟೇ ಸೇರಿದ್ದ ಹುಡುಗಿಯೊಬ್ಬಳು ಒಂದು ಮಧ್ಯಾಹ್ನ ನನ್ನ ಡೆಸ್ಕ್‌ಗೆ ಬಂದಳು. "ಆರ್ಟಿಕಲ್ ಪೇಜಿನ ಮೊದಲ ಆಡ್ ಸ್ಲಾಟ್‌ನಲ್ಲಿ ಮಾತ್ರ ಸಿಟಿಆರ್ ಯಾಕೋ ವಿಪರೀತ ಜಾಸ್ತಿ ಇದೆ. ಉಳಿದ ಸ್ಲಾಟ್‌ಗಳಲ್ಲಿ ಮೊದಲಿನ ಹಾಗೇ ಇದೆ. ಸ್ವಲ್ಪ ನೋಡ್ತೀರಾ?" ಅಂದಳು. ಹೊಸ ಕ್ರಿಯೇಟಿವ್, ಅಂದರೆ ಜಾಹೀರಾತಿನ ಹೊಸ ಚಿತ್ರ, ಹಾಕಿದ್ದೇವೆ, ಅದಕ್ಕೇ ಇರಬೇಕು ಅಂದೆ. ಅವಳು ಒಂದು ಕ್ಷಣ ನಿಂತು ಹೋದಳು. ಕ್ರಿಯೇಟಿವ್ ಹೊಸದೇನೋ ಹೌದು. ಆದರೆ ನಾನು ಏನನ್ನೂ ನೋಡಿ ಹೇಳಿದ್ದಲ್ಲ, ಬಾಯಿಗೆ ಬಂದದ್ದನ್ನು ಹೇಳಿಬಿಟ್ಟಿದ್ದೆ.

ಆ ಸ್ಲಾಟ್‌ನಲ್ಲಿ ಓಡುತ್ತಿದ್ದದ್ದು ಆನ್‌ಲೈನ್ ತರಗತಿ ನಡೆಸುವ ಒಂದು ಪುಟ್ಟ ಸಂಸ್ಥೆಯ ಜಾಹೀರಾತು. ಪಾಠ, ಲೆಕ್ಕ, ಮಾರ್ಕೆಟಿಂಗ್ ಎಲ್ಲವನ್ನೂ ಒಬ್ಬರೇ ಮೇಡಂ ನೋಡಿಕೊಳ್ಳುತ್ತಿದ್ದರು. ಸಿಪಿಸಿ ಡೀಲ್, ಪ್ರತಿ ಕ್ಲಿಕ್‌ಗೂ ಅವರು ಹಣ ಕೊಡುತ್ತಿದ್ದರು. ತಿಂಗಳ ಬಜೆಟ್ ಒಂಬತ್ತೇ ದಿನದಲ್ಲಿ ಮುಗಿಯಿತು. ಅವರು ಮೇಲ್ ಮಾಡಿದರು. ಕ್ಲಿಕ್ ಇಷ್ಟೊಂದು ಇವೆ, ಫಾರ್ಮ್ ತುಂಬಿದವರು ಮಾತ್ರ ಹಿಂದಿನ ತಿಂಗಳಷ್ಟೇ ಇದ್ದಾರೆ, ಏನಾಗಿದೆ ನೋಡಿ ಅಂತ. ತುಂಬಾ ಮರ್ಯಾದೆಯಿಂದ ಕೇಳಿದ್ದರು. ಅದಕ್ಕೆ ನಾನು ಕಳಿಸಿದ್ದು ಮೇಲೆ ಹೇಳಿದ ಉತ್ತರ. ಪೇಜ್ ನಿಧಾನ ಇದ್ದದ್ದು ಸುಳ್ಳಲ್ಲ. ಆದರೆ ಹಿಂದಿನ ತಿಂಗಳೂ ಅಷ್ಟೇ ನಿಧಾನ ಇತ್ತು, ಅಲ್ವಾ? ಅದು ನನಗೆ ಹೊಳೆಯಲಿಲ್ಲ. ಒಂದು ಕಾರಣ ಸಿಕ್ಕಿತು, ಸಾಕಾಯಿತು.

ಹತ್ತು ದಿನ ಬಿಟ್ಟು ಅವರೇ ಕಾಲ್ ಕೇಳಿದರು. ನಾನು, ನನ್ನ ಮ್ಯಾನೇಜರ್, ಅವರು, ಮೂರೇ ಜನ. ಮೇಡಂ ಸ್ಕ್ರೀನ್ ಶೇರ್ ಮಾಡಿದರು. ಅವರ ಅನಲಿಟಿಕ್ಸ್ ತೆರೆದಿತ್ತು, ನಮ್ಮ ಸೋರ್ಸ್‌ಗೆ ಮಾತ್ರ ಫಿಲ್ಟರ್ ಹಾಕಿದ್ದರು. "ಪೇಜ್ ಸ್ಪೀಡ್ ಸರಿ ಮಾಡಿಸಿ ಮತ್ತೆ ಹಣ ಹಾಕಿದೆ. ಏನೂ ಬದಲಾಗಲಿಲ್ಲ. ಆಮೇಲೆ ಸುಮ್ನೆ ಒಂದೊಂದೇ ಕಾಲಂ ನೋಡ್ತಾ ಹೋದೆ. ಇದೊಂದು ನನಗೆ ಅರ್ಥ ಆಗ್ಲಿಲ್ಲ, ನೀವೇ ಹೇಳಿ" ಅಂದರು. ಕರ್ಸರ್ ಹೋಗಿ ಸ್ಕ್ರೀನ್ ರೆಸಲ್ಯೂಷನ್ ಕಾಲಂ ಮೇಲೆ ನಿಂತಿತು.

800×600. ಅದರ ಕೆಳಗಿನ ಸಾಲೂ 800×600. ಅದರ ಕೆಳಗಿನದೂ ಅದೇ. ಪಕ್ಕದ ಡಿವೈಸ್ ಕಾಲಂನಲ್ಲಿ ಎಲ್ಲದಕ್ಕೂ ಮೊಬೈಲ್ ಅಂತ ಇತ್ತು.

ನನ್ನ ಎದೆ ಧಸಕ್ಕೆಂದಿತು. 800×600 ಪರದೆಯ ಫೋನ್ ಯಾರ ಕೈಯಲ್ಲೂ ಇಲ್ಲ. ಅದು ಹೆಡ್‌ಲೆಸ್ ಕ್ರೋಮ್‌ನ ಡಿಫಾಲ್ಟ್ ವಿಂಡೋ ಅಳತೆ, ಅಂದರೆ ಪರದೆಯೇ ಇಲ್ಲದೆ ಸರ್ವರ್ ಮೇಲೆ ಸ್ಕ್ರಿಪ್ಟ್ ಓಡಿಸುವ ಬ್ರೌಸರ್. ಬಾಟ್, ಅಂದರೆ ಮನುಷ್ಯರಂತೆ ನಟಿಸುವ ಸ್ಕ್ರಿಪ್ಟ್, ಓಡಿಸಿದವರು ಬ್ರೌಸರ್ ತನ್ನ ಪರಿಚಯ ಹೇಳಿಕೊಳ್ಳುವ ಯೂಸರ್ ಏಜೆಂಟ್ ಬದಲಿಸಿ ಫೋನ್ ಅಂತ ಹೇಳಿಸಿದ್ದರು, ಪರದೆಯ ಅಳತೆ ಬದಲಿಸಲು ಮರೆತಿದ್ದರು.

ಮೇಡಂ ಕಾಯುತ್ತಿದ್ದರು. ನನಗೆ ಬಾಯಿ ಕಟ್ಟಿದ ಹಾಗಾಗಿತ್ತು. ಅಷ್ಟರಲ್ಲಿ ಮ್ಯಾನೇಜರ್‌ರಿಂದ ಚಾಟ್ ಬಂತು, "ಏನನ್ನೂ ಒಪ್ಕೋಬೇಡ. ಚೆಕ್ ಮಾಡ್ತೀವಿ ಅನ್ನು." ಸಮಸ್ಯೆ ಏನು ಅಂತ ನನಗೆ ಆಗಲೇ ಗೊತ್ತಾಗಿತ್ತು. ಆದರೂ "ಚೆಕ್ ಮಾಡಿ ಸಂಜೆಯೊಳಗೆ ಹೇಳ್ತೀನಿ ಮೇಡಂ" ಅಂದೆ. ಆ ಮಾತಿಗೆ ಈಗಲೂ ನಾಚಿಕೆಯಾಗುತ್ತದೆ. ಅವರು "ಆಯ್ತು" ಅಂತಷ್ಟೇ ಹೇಳಿ ಕಾಲ್ ಕಟ್ ಮಾಡಿದರು.

ನೇರ ಡೇಟಾ ಟೀಮಿಗೆ ಹೋದೆ. ಆ ಹುಡುಗಿಗೆ ನಡೆದದ್ದು ಹೇಳಿದೆ. ಅವಳು ಏನೂ ಅನ್ನದೆ ರಾ ಲಾಗ್, ಅಂದರೆ ಪ್ರತಿ ಭೇಟಿಯ ಕಚ್ಚಾ ದಾಖಲೆ, ತೆಗೆದಳು. ಮೊದಲು ಸೆಷನ್ ಅವಧಿ. ವೆಂಡರ್ ಕಳಿಸಿದ ಸೆಷನ್‌ಗಳಲ್ಲಿ ಹೆಚ್ಚುಕಮ್ಮಿ ಎಲ್ಲವೂ 11 ಇಲ್ಲವೇ 12 ಸೆಕೆಂಡ್‌ಗೆ ಮುಗಿದಿದ್ದವು. ಮಾಮೂಲಿ ಓದುಗರ ಗ್ರಾಫ್ ಗುಡ್ಡದ ಇಳಿಜಾರಿನ ಹಾಗೆ ಹರಡಿಕೊಂಡಿರುತ್ತದೆ. ಇದು ಗೋಡೆ ಎಬ್ಬಿಸಿದ ಹಾಗೆ ನೆಟ್ಟಗೆ ನಿಂತಿತ್ತು. ನಾನು ಬರೆದ ಷರತ್ತು 10 ಸೆಕೆಂಡ್ ಇರಬೇಕು ಅಂದಿತ್ತು, ಅವು 11 ಇದ್ದವು. ಒಂದು ಕ್ಲಿಕ್ ಇರಬೇಕು ಅಂದಿತ್ತು, ಒಂದೇ ಕ್ಲಿಕ್ ಮಾಡಿ ಹೊರಟುಹೋಗಿದ್ದವು. ಪೇಜ್ ತೆರೆದ ಕೂಡಲೇ ಕ್ಲಿಕ್ ಮಾಡಲು ಸಿಗುವ ದೊಡ್ಡ ಜಾಗ ಯಾವುದು? ಆ ಮೇಡಂ ಜಾಹೀರಾತು. ಬಾಟ್ ಬರದ ಹಾಗೆ ಬೇಲಿ ಹಾಕಿದ್ದೇನೆ ಅಂದುಕೊಂಡಿದ್ದೆ. ನಾನು ನೆಟ್ಟದ್ದು ದಾರಿ ತೋರಿಸುವ ಕೈಕಂಬ.

ಆಮೇಲೆ ಅವಳು ಇನ್ನೊಂದು ಟೇಬಲ್ ತೆಗೆದಳು. ಹಿಂದೆ ಯಾರೋ ಹೀಟ್‌ಮ್ಯಾಪ್ ಮಾಡಲು ಹೋಗಿ, ನಮ್ಮ ಡೈರೆಕ್ಟ್ ಬ್ಯಾನರ್ ಟೆಂಪ್ಲೇಟ್‌ನಲ್ಲಿ ಕ್ಲಿಕ್ ಬಿದ್ದ ಜಾಗವನ್ನೂ ದಾಖಲಿಸುವ ಕೋಡ್ ಸೇರಿಸಿದ್ದರು. ಯಾರೂ ಅದನ್ನು ತಿರುಗಿ ನೋಡಿರಲಿಲ್ಲ. ಬ್ಯಾನರ್ ಅಳತೆ 300×250. ಸಾಲುಗಳು ಹೀಗಿದ್ದವು: 150, 125. 150, 125. 150, 125. ಮಧ್ಯೆ ಎಲ್ಲೋ ಒಂದು 221, 208. ಮತ್ತೆ 150, 125.

ಎಡದಿಂದ 150, ಮೇಲಿನಿಂದ 125. ಬ್ಯಾನರಿನ ನಟ್ಟನಡುವೆ. ಬ್ರೌಸರನ್ನು ತಾನೇ ಓಡಿಸುವ ಪಪೆಟೀರ್‌ನಂಥ ಟೂಲ್‌ಗೆ ಇದನ್ನು ಕ್ಲಿಕ್ ಮಾಡು ಅಂತ ಹೇಳಿದರೆ ಅದು ಆ ಎಲಿಮೆಂಟಿನ ಸರಿಯಾದ ಮಧ್ಯಕ್ಕೇ ಒತ್ತುತ್ತದೆ. ನಮ್ಮ ಬ್ಯಾನರಿನ ಮಧ್ಯದಲ್ಲಿ ಒಂದು ಮೇಜಿನ ಚಿತ್ರ ಬಿಟ್ಟರೆ ಏನೂ ಇರಲಿಲ್ಲ. 'ಸೇರಿಕೊಳ್ಳಿ' ಅನ್ನುವ ಬಟನ್ ಇದ್ದದ್ದು ಕೆಳಗೆ ಬಲಮೂಲೆಯಲ್ಲಿ. ಮನುಷ್ಯರು ಬಟನ್ ಹುಡುಕಿ ಅಲ್ಲೇ ಒತ್ತುತ್ತಾರೆ, ಬೆರಳು ಅತ್ತಿತ್ತ ಜಾರುತ್ತದೆ. ಆ 221, 208 ಒಬ್ಬ ನಿಜವಾದ ಮನುಷ್ಯರದ್ದು. ಇಬ್ಬರೂ ಆ ಸಾಲನ್ನು ತುಂಬಾ ಹೊತ್ತು ನೋಡಿದೆವು.

ವೆಂಡರ್ ಟ್ರಾಫಿಕ್ ನಿಲ್ಲಿಸಲು ನನಗೆ ಅಧಿಕಾರ ಇರಲಿಲ್ಲ. ಕ್ವಾರ್ಟರ್ ಮುಗಿಯಲು ಆರು ದಿನ ಇತ್ತು. ಮ್ಯಾನೇಜರ್ ಇನ್ನೊಂದು ಮೀಟಿಂಗ್‌ನಲ್ಲಿದ್ದರು. ಎರಡು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ಈ ಲೈನ್ ಐಟಂ ಓಡುತ್ತಿರುವಷ್ಟು ಹೊತ್ತೂ ಆ ಮೇಡಂ ಹಣ ಹೋಗುತ್ತಲೇ ಇರುತ್ತದೆ ಅನ್ನುವುದೊಂದೇ ತಲೆಯಲ್ಲಿತ್ತು. ಮೊದಲು ಅದನ್ನು ತಾತ್ಕಾಲಿಕವಾಗಿ ನಿಲ್ಲಿಸಿದೆ. ಆಮೇಲೆ ವೆಂಡರ್‌ನ ಎಂಟ್ರಿ ಲಿಂಕ್‌ಗಳನ್ನು ಬ್ಲಾಕ್ ಮಾಡಿಸಿದೆ. ರಿಯಲ್ ಟೈಮ್ ರಿಪೋರ್ಟ್ ತೆಗೆದು ಕೂತೆವು. ಮೊದಲ ಕೆಲವು ನಿಮಿಷ ಏನೂ ಆಗಲಿಲ್ಲ. ಆಮೇಲೆ ಸಂಖ್ಯೆ ಇಳಿಯತೊಡಗಿತು. ಅರ್ಧ ಗಂಟೆಯೊಳಗೆ ಸೈಟಿನ ಮೇಲಿದ್ದ 'ಓದುಗರು' ಅರ್ಧಕ್ಕಿಂತ ಕಡಿಮೆ. ವಾರದ ಮೀಟಿಂಗ್‌ನಲ್ಲಿ ನಾವು ಚಪ್ಪಾಳೆ ತಟ್ಟಿದ್ದ ಸಂಖ್ಯೆ ಅದು.

ನಮ್ಮ ಫಿಲ್ಟರ್‌ಗಳು ಏನು ಮಾಡುತ್ತಿದ್ದವು ಅಂತ ಆಮೇಲೆ ಎಲ್ಲರೂ ಕೇಳಿದರು. ಜಾಹೀರಾತು ಬಡಿಸುವ ಆಡ್ ಸರ್ವರ್, ಆನ್‌ಲೈನ್ ಜಾಹೀರಾತು ಉದ್ಯಮದ ಒಕ್ಕೂಟವಾದ ಐಎಬಿಯ ಪಟ್ಟಿಯಲ್ಲಿರುವ ಬಾಟ್‌ಗಳನ್ನು ತೆಗೆಯುತ್ತದೆ, ಡೇಟಾ ಸೆಂಟರ್ ಐಪಿಗಳನ್ನು ತೆಗೆಯುತ್ತದೆ. ಅದು ಜಿಐವಿಟಿ, ಅಂದರೆ ಸುಲಭವಾಗಿ ಗುರುತು ಸಿಗುವ ನಕಲಿ ಟ್ರಾಫಿಕ್, ಮಟ್ಟದ್ದು, "ನಾನು ಬಾಟ್" ಅಂತ ಹೇಳಿಕೊಂಡು ಬರುವವರಿಗೆ ಸಾಕು. ಮನೆ ಇಂಟರ್‌ನೆಟ್ ಕನೆಕ್ಷನ್‌ಗಳ ಮೂಲಕ, ಫೋನ್ ಅಂತ ಹೆಸರು ಹೇಳಿಕೊಂಡು ಬರುವ ನಾಜೂಕಾದ ನಕಲಿ ಟ್ರಾಫಿಕ್‌ಗೆ, ಅಂದರೆ ಎಸ್‌ಐವಿಟಿಗೆ ಅದು ಸಾಲದು. ಸೇಲ್ಸ್‌ನವರೊಬ್ಬರು "ನಮ್ಮಲ್ಲಿ ಆಡ್ಸ್ ಡಾಟ್ ಟಿಎಕ್ಸ್‌ಟಿ ಇದೆಯಲ್ಲ" ಅಂದರು. ಐಎಬಿ ಟೆಕ್ ಲ್ಯಾಬ್ 2017ರಲ್ಲಿ ಅದನ್ನು ತಂದದ್ದು ಬೇರೆ ಕಳ್ಳತನ ತಡೆಯಲು. ಈ ಸೈಟಿನ ಜಾಗವನ್ನು ಯಾರು ಮಾರಬಹುದು ಅಂತ ಅದು ಹೇಳುತ್ತದೆ. ಪೇಜಿಗೆ ಬಂದಿರುವುದು ಮನುಷ್ಯನೋ ಸ್ಕ್ರಿಪ್ಟೋ ಅಂತ ಅದಕ್ಕೇನು ಗೊತ್ತು?

ಇನ್ನು ಡ್ಯಾಶ್‌ಬೋರ್ಡ್. ಸಿಟಿಆರ್ ಇಳಿದರೆ ಕೆಂಪು ಬಾಣ, ಏರಿದರೆ ಹಸಿರು. ಏಕಾಏಕಿ ಮೂರು ಪಟ್ಟು ಏರಿದರೂ ಹಸಿರೇ. ಅದಕ್ಕೊಂದು ಅಲರ್ಟ್ ಹಾಕಿಸಲು ನನಗೆ ನಾಲ್ಕು ತಿಂಗಳು ಹಿಡಿಯಿತು, ಯಾಕೆಂದರೆ ಒಳ್ಳೆ ಸುದ್ದಿಗೆ ಯಾಕೆ ಅಲರ್ಟ್ ಅಂತ ಪ್ರಾಡಕ್ಟ್‌ನವರ ಪ್ರಶ್ನೆ.

ಇಂಥದ್ದರ ಬಗ್ಗೆ ನಾನು ಓದಿರಲಿಲ್ಲ ಅಂತಲ್ಲ. 2016ರ ಕೊನೆಯಲ್ಲಿ ಜಾಹೀರಾತು ಮೋಸ ಪತ್ತೆ ಮಾಡುವ ವೈಟ್ ಆಪ್ಸ್ ಕಂಪನಿ ಬಯಲಿಗೆಳೆದ ಬಾಟ್ ಜಾಲ ಮೆಥ್‌ಬಾಟ್ ಗೊತ್ತಿತ್ತು. ಅದರ ಬಾಟ್‌ಗಳು ಮೌಸ್ ಅಲುಗಾಡಿಸುವುದನ್ನೂ ನಟಿಸುತ್ತಿದ್ದವು. ಅದನ್ನು ನಡೆಸಿದ ಅಲೆಕ್ಸಾಂಡರ್ ಝುಕೋವ್‌ಗೆ 2021ರಲ್ಲಿ ಅಮೆರಿಕದ ಕೋರ್ಟ್ 10 ವರ್ಷ ಜೈಲು ವಿಧಿಸಿತು. ಅಂಥ ದೊಡ್ಡ ಜಾಲ ದೊಡ್ಡವರನ್ನು ಹುಡುಕಿಕೊಂಡು ಹೋಗುತ್ತದೆ, ನಮ್ಮಂಥವರಿಗಲ್ಲ ಅಂತ ನನ್ನ ಲೆಕ್ಕ. ನಮ್ಮನ್ನು ಯಾವ ಜಾಲವೂ ಹುಡುಕಿಕೊಂಡು ಬರಲಿಲ್ಲ. ನಾವೇ ಹಣ ಕೊಟ್ಟು ಕರೆಸಿಕೊಂಡೆವು.

ಸಂಜೆ ಮೇಡಂಗೆ ಫೋನ್ ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಕೇಳದೆ ಹೇಳಿದ್ದಕ್ಕೆ ಮ್ಯಾನೇಜರ್ ಸಿಟ್ಟಾದರು. ಅದು ಮುಗಿಯಿತು ಅನ್ನುವಷ್ಟರಲ್ಲಿ ಹಣದ ಜಗಳ ಶುರು. ಸೇಲ್ಸ್ ಹೆಡ್ ಮೇಕ್‌ಗುಡ್ ಕೊಡೋಣ ಅಂದರು, ಅಷ್ಟೇ ಕ್ಲಿಕ್ ಮುಂದಿನ ತಿಂಗಳು ಉಚಿತ. ಮೋಸದ ಕ್ಲಿಕ್‌ಗೆ ಪರಿಹಾರವಾಗಿ ಇನ್ನಷ್ಟು ಕ್ಲಿಕ್. ಇದು ಹೊಸದೇನಲ್ಲ. ಲೇನ್ಸ್ ಗಿಫ್ಟ್ಸ್ ಅನ್ನುವ ಸಣ್ಣ ಅಂಗಡಿಯೊಂದು ಅರ್ಕಾನ್ಸಾಸ್‌ನಲ್ಲಿ ಹೂಡಿದ ಕ್ಲಿಕ್ ಮೋಸದ ಕೇಸನ್ನು ಗೂಗಲ್ 2006ರಲ್ಲಿ 9 ಕೋಟಿ ಡಾಲರ್‌ವರೆಗಿನ ರಾಜಿಯಲ್ಲಿ ಮುಗಿಸಿತು. ಆಗಲೂ ಜಾಹೀರಾತುದಾರರಿಗೆ ಸಿಕ್ಕಿದ್ದು ನಗದಲ್ಲ, ಜಾಹೀರಾತು ಕ್ರೆಡಿಟ್. ಒಬ್ಬರೇ ಸಂಸ್ಥೆ ನಡೆಸುವವರಿಗೆ ಕ್ರೆಡಿಟ್ ಇಟ್ಟುಕೊಂಡು ಏನಾಗಬೇಕು? ಹಣವನ್ನೇ ವಾಪಸ್ ಕೊಡಬೇಕು ಅಂತ ನಾನು ಹಟ ಹಿಡಿದೆ. ಮೂರು ವಾರ ಹಿಡಿಯಿತು. ಅಷ್ಟರಲ್ಲಿ ಆಡ್ ನೆಟ್‌ವರ್ಕ್ ಕೂಡ ತಿಂಗಳ ಎಸ್ಟಿಮೇಟೆಡ್ ಆದಾಯದಿಂದ ಇನ್‌ವ್ಯಾಲಿಡ್ ಟ್ರಾಫಿಕ್ ಅಂತ ದೊಡ್ಡ ತುಂಡನ್ನೇ ಕಡಿದುಕೊಂಡಿತು. ಅದಾದ ಮೇಲೆ ನನ್ನ ಮಾತಿಗೆ ಬೆಲೆ ಬಂತು. ಮೇಡಂ ಕಳೆದುಕೊಂಡದ್ದಕ್ಕೆ ಬಂದದ್ದಲ್ಲ ಅದು, ನಾವು ಕಳೆದುಕೊಂಡದ್ದಕ್ಕೆ.

ಈಗ ದಿನಾ ಬೆಳಿಗ್ಗೆ ಕ್ಲಿಕ್ ಬಿದ್ದ ಜಾಗದ ಟೇಬಲ್ ನೋಡುವುದು ನಮ್ಮ ಮೊದಲ ಕೆಲಸ. ಹೊರಗಿನಿಂದ ಕೊಂಡ ಟ್ರಾಫಿಕ್‌ಗೆ ಸಿಪಿಸಿ ಜಾಹೀರಾತು ತೋರಿಸುವುದಿಲ್ಲ, ಆ ಟಾರ್ಗೆಟಿಂಗ್ ರೂಲ್ ತೆಗೆಯಲು ಇಬ್ಬರ ಒಪ್ಪಿಗೆ ಬೇಕು. ಕ್ಲೈಂಟ್ ದೂರು ಕೊಟ್ಟರೆ ಮೊದಲು ನಮ್ಮ ರಾ ಲಾಗ್, ಆಮೇಲೆ ಅವರ ಪೇಜ್. ಆ ಹುಡುಗಿ ಈಗ ಟ್ರಾಫಿಕ್ ಕ್ವಾಲಿಟಿ ಪೂರ್ತಿ ನೋಡಿಕೊಳ್ಳುತ್ತಾಳೆ. ಅವಳು ಡೆಸ್ಕ್‌ಗೆ ಬಂದರೆ ನಾನು ಕೈಯಲ್ಲಿದ್ದದ್ದು ಬಿಟ್ಟು ತಿರುಗಿ ಕೂರುತ್ತೇನೆ.

ಹಣ ವಾಪಸ್ ಹೋದ ದಿನ ಮೇಡಂ ಒಂದು ಮೇಲ್ ಬರೆದರು. ಹಣ ಬಂತು, ಥ್ಯಾಂಕ್ಸ್ ಅಂದಿದ್ದರು. ಕೆಳಗೆ ಇನ್ನೊಂದು ಸಾಲು: "ನೀವು ಹೇಳಿದ ಮೇಲೆ ಪೇಜ್ ಸರಿ ಮಾಡಿಸಲು ಡೆವಲಪರ್‌ಗೆ ಕೊಟ್ಟ ಹಣ ಇದರಲ್ಲಿ ಸೇರಿದೆಯಾ?" ಸೇರಿರಲಿಲ್ಲ. ಫೈನಾನ್ಸ್‌ನವರನ್ನು ಕೇಳಿದೆ. ಅಂಥ ಖರ್ಚಿಗೆ ನಮ್ಮ ಲೆಕ್ಕದಲ್ಲಿ ಹೆಡ್ ಇಲ್ಲ ಅಂದರು. ಮತ್ತೆರಡು ಸಲ ಕೇಳಿದೆ, ಅದೇ ಉತ್ತರ. ಮೇಡಂಗೆ ಹಾಗೇ ಬರೆದು ಕ್ಷಮೆ ಕೇಳಿದೆ. ಅದಕ್ಕೆ ಉತ್ತರ ಬರಲಿಲ್ಲ, ಅವರು ಮತ್ತೆ ನಮಗೆ ಜಾಹೀರಾತೂ ಕೊಡಲಿಲ್ಲ.

ಹೋದ ವಾರ ಅವರ ಪೇಜ್ ತೆರೆದು ನೋಡಿದೆ. ತರಗತಿ ನಡೆಯುತ್ತಿದೆ, ಹೊಸ ಬ್ಯಾಚ್‌ನ ದಿನಾಂಕ ಹಾಕಿದ್ದಾರೆ. ಪೇಜ್ ತಟ್ಟನೆ ತೆರೆದುಕೊಂಡಿತು.