ಯುಗಾದಿಗೆ 22 ಎಲೆ: ಮನೆಯೂಟದ ಸಿದ್ಧತೆಯ ದಿನಚರಿ

ಮಾರ್ಚ್ 23, 2025, ಭಾನುವಾರ

ವಿಶ್ವಾವಸು ಸಂವತ್ಸರದ ಯುಗಾದಿ 30ರ ಭಾನುವಾರವೇ ಬಂದಿರುವುದರಿಂದ ರಜೆ ಸಿಗಲಿಲ್ಲವೆಂದು ಯಾರೂ ತಪ್ಪಿಸಿಕೊಳ್ಳುವಂತಿಲ್ಲ. ಅಕ್ಕ-ಭಾವನ ಮನೆಯವರು, ಸೋದರತ್ತೆ, ಕಚೇರಿಯ ಗೆಳೆಯರು ಎಲ್ಲರೂ ಸೇರಿದರೆ 22 ಎಲೆಯಾಗುತ್ತದೆ. ನಡುಮನೆಯಲ್ಲಿ ಅರ್ಧದಷ್ಟು ಜನ ಮಾತ್ರ ಕೂರಬಹುದಾದ್ದರಿಂದ ಎರಡು ಪಂಕ್ತಿ ಎಂದು ನಿಶ್ಚಯಿಸಿದ್ದೇವೆ. ಅಡುಗೆಯವರಿಗೆ ಒಪ್ಪಿಸಿಬಿಡೋಣ ಎಂಬ ಭಾವನವರ ಸಲಹೆಗೆ ನಾನು ಒಪ್ಪಲಿಲ್ಲ. ಹೊರಗಿನಿಂದ ತರಿಸಿದ ಹೋಳಿಗೆ ಎಷ್ಟೇ ಚೆನ್ನಾಗಿದ್ದರೂ ಅದರೊಂದಿಗೆ ಬೇಳೆಯ ಕಟ್ಟು ಬರುವುದಿಲ್ಲ, ಕಟ್ಟಿಲ್ಲದೆ ಒಬ್ಬಟ್ಟಿನ ಸಾರಿಲ್ಲ. ನನ್ನ ಮಟ್ಟಿಗೆ ಯುಗಾದಿಯ ಊಟವೆಂದರೆ ಆ ಸಾರೇ.

ಮಾರ್ಚ್ 28, ಶುಕ್ರವಾರ

ಮೈಸೂರಿನ ದೇವರಾಜ ಮಾರುಕಟ್ಟೆಯಿಂದ ಬಾಳೆಲೆ, ಮಾವಿನಕಾಯಿ, ಹುರುಳಿಕಾಯಿ, ತೆಂಗಿನಕಾಯಿಗಳು ಬಂದಿವೆ. ಒಂದೂವರೆ ಕೆ.ಜಿ. ತೊಗರಿಬೇಳೆಗೆ ಅಷ್ಟೇ ತೂಕದ ಬೆಲ್ಲ ತೆಗೆದಿಟ್ಟಿದ್ದೇನೆ. ಉತ್ತರ ಕರ್ನಾಟಕದ ಗೆಳೆಯರೊಬ್ಬರು ಕಡಲೆಬೇಳೆಯ ಹೋಳಿಗೆಯ ಪರವಾಗಿ ಫೋನಿನಲ್ಲಿ ದೀರ್ಘವಾಗಿ ವಾದಿಸಿದರು. ಅವರ ಕಟ್ಟಿನ ಸಾರಿನ ರುಚಿ ಬಲ್ಲವನಾದ್ದರಿಂದ ನಾನು ಹೆಚ್ಚು ಎದುರಾಡಲಿಲ್ಲ, ಬೇಳೆಯನ್ನು ಬದಲಿಸಲೂ ಇಲ್ಲ.

ಮಾರ್ಚ್ 29, ಶನಿವಾರ

ಅಮಾವಾಸ್ಯೆ, ಜೊತೆಗೆ ಸೂರ್ಯಗ್ರಹಣ. ಗ್ರಹಣವು ಭಾರತಕ್ಕೆ ಕಾಣಿಸುವುದಿಲ್ಲ, ಆದ್ದರಿಂದ ಆಚರಣೆಯಿಲ್ಲ ಎಂದು ಸೋದರತ್ತೆಗೆ ವಿವರಿಸಿದ ಮೇಲಷ್ಟೇ ಅವರು ಒಲೆ ಹಚ್ಚಲು ಬಿಟ್ಟರು.

ಇಂದಿನ ಮುಖ್ಯ ಕೆಲಸ ಹೂರಣ. ಸಾರಿಗೆ ಕಟ್ಟು ಸಾಲಬೇಕಾದ್ದರಿಂದ ಬೇಳೆಗೆ ಧಾರಾಳವಾಗಿ ನೀರಿಟ್ಟು, ಕುಕ್ಕರ್ ಬಳಸದೆ ತೆರೆದ ಪಾತ್ರೆಯಲ್ಲೇ ಬೇಯಿಸಿದೆವು. ಬೆರಳುಗಳ ನಡುವೆ ಒತ್ತಿದರೆ ಮಸೆಯಬೇಕು, ಆದರೆ ಪಾತ್ರೆಯಲ್ಲಿ ಕಾಳಾಗಿಯೇ ಉಳಿದಿರಬೇಕು. ಕರಗಿಹೋದ ಬೇಳೆಯಿಂದ ಹೂರಣವೂ ಸಡಿಲ, ಕಟ್ಟೂ ಗಟ್ಟಿ. ಬಸಿದ ಕಟ್ಟನ್ನು ಆರಿಸಿ ಫ್ರಿಜ್‌ನಲ್ಲಿಟ್ಟು, ಬೆಲ್ಲ ಕರಗಿಸಿ ಕಲ್ಲು ಸೋಸಿ, ಬೇಳೆ ಮತ್ತು ಕಾಯಿತುರಿಯೊಂದಿಗೆ ನೀರಾರುವವರೆಗೆ ಮಗುಚಿದೆವು. ಏಲಕ್ಕಿ ಹಾಕಿ ರುಬ್ಬಿದ ಮೇಲೆ ಸೋದರತ್ತೆ ಒಂದು ಉಂಡೆ ಮಾಡಿ ಅಂಗೈಯಲ್ಲಿ ಉರುಳಿಸಿದರು. ಚೂರೂ ಅಂಟಲಿಲ್ಲ, ಅವರ ಒಪ್ಪಿಗೆಗೆ ಅಷ್ಟೇ ಸಾಕಾಯಿತು.

ಮಾರ್ಚ್ 30, ಭಾನುವಾರ

ಚಿರೋಟಿ ರವೆ ಮತ್ತು ಮೈದಾದ ಕಣಕವನ್ನು ನಸುಕಿನಲ್ಲೇ ಕಲಸಿ, ಎಣ್ಣೆಯಲ್ಲಿ ಮುಳುಗುವಂತೆ ನೆನೆಯಲು ಬಿಟ್ಟಿದ್ದರಿಂದ ತಟ್ಟುವಾಗ ಎಲ್ಲಿಯೂ ಹರಿಯಲಿಲ್ಲ. ಅಕ್ಕ ತಟ್ಟುವುದು, ನಾನು ಎರಡು ಕಾವಲಿಗಳಲ್ಲಿ ಬೇಯಿಸುವುದು. ಅತ್ತ ಸೋದರತ್ತೆ ಕಟ್ಟಿಗೆ ಹುಣಸೆಹಣ್ಣಿನ ರಸ, ಸಾರಿನ ಪುಡಿ, ಕಾಯಿಯೊಂದಿಗೆ ರುಬ್ಬಿದ ಒಂದು ಹಿಡಿ ಹೂರಣ ಬೆರೆಸಿ ಕುದಿಸಿ, ಸಾಸಿವೆ, ಇಂಗು, ಕರಿಬೇವಿನ ಒಗ್ಗರಣೆ ಕೊಟ್ಟರು. ಮಾವಿನಕಾಯಿ ಚಿತ್ರಾನ್ನ, ಹೆಸರುಬೇಳೆ ಕೋಸಂಬರಿ, ಹುರುಳಿಕಾಯಿ ಪಲ್ಯ, ಮಜ್ಜಿಗೆಹುಳಿಗಳನ್ನು ಭಾವ ಮತ್ತು ಮಕ್ಕಳು ಹಂಚಿಕೊಂಡರು.

ಬೇವುಬೆಲ್ಲ ಹಂಚಿ, ಹನ್ನೆರಡೂವರೆಗೆ ಮೊದಲ ಪಂಕ್ತಿಗೆ ಎಲೆ ಹಾಕಿದೆವು. ತುದಿ ಎಡಕ್ಕೆ ಬರಬೇಕೆಂಬುದನ್ನು ಮಕ್ಕಳಿಗೆ ಹೇಳಿಕೊಟ್ಟ ಮೇಲೆ ಎಲೆ ತಿರುಗಿಸುವ ಕೆಲಸವೇ ಬೀಳಲಿಲ್ಲ. ಕಚೇರಿಯ ಗೆಳೆಯರು ಹೋಳಿಗೆಗೆ ತುಪ್ಪ ಹಾಕಿಸಿಕೊಂಡು ಮೆಚ್ಚಿದರಾದರೂ ಮತ್ತೆ ಮತ್ತೆ ಕೇಳಿ ಬಡಿಸಿಕೊಂಡದ್ದು ಸಾರನ್ನು. ಎರಡನೆಯ ಪಂಕ್ತಿಗೆ ಕಡಿಮೆಯಾಗದಂತೆ ಸೋದರತ್ತೆ ಮೊದಲೇ ಒಂದು ಪಾತ್ರೆಯಷ್ಟು ತೆಗೆದಿರಿಸಿದ್ದರು.

ಮಾರ್ಚ್ 31, ಸೋಮವಾರ

ಉಳಿದ ಸಾರನ್ನು ಬೆಳಿಗ್ಗೆ ಮತ್ತೆ ಕುದಿಸಿದ್ದೇವೆ. ಇಂದು ನಿನ್ನೆಗಿಂತ ರುಚಿಯಾಗಿದೆ ಎಂಬುದು ಮನೆಯವರೆಲ್ಲರ ಅಭಿಪ್ರಾಯ. ರಂಜಾನ್ ಹಬ್ಬ ಆಚರಿಸುತ್ತಿರುವ ಪಕ್ಕದ ಮನೆಗೆ ಹೋಳಿಗೆ ಕಳಿಸಿದೆವು, ಅಲ್ಲಿಂದ ಶೀರ್ ಖುರ್ಮಾ ಬಂತು. ಎರವಲು ತಂದ ಪಾತ್ರೆಗಳನ್ನು ಹಿಂದಿರುಗಿಸುವುದು ಬಾಕಿಯಿದೆ. ಗೌರಿ-ಗಣೇಶದ ಊಟಕ್ಕೆ ಮೂರನೆಯ ಕಾವಲಿಯೊಂದನ್ನು ಕೊಳ್ಳಬೇಕು.