ಬೇಲೂರು ದಾಟಿ, ಸಮಾಧಿ ಕಲ್ಲು ಓದಲು

ನವೆಂಬರ್ 2 ಸತ್ತವರ ಹಬ್ಬ. ಆ ದಿನ ಕ್ಯಾಥೊಲಿಕರು ಸಮಾಧಿ ತೊಳೆದು, ಹೂವಿಟ್ಟು, ಮೇಣದಬತ್ತಿ ಹಚ್ಚುತ್ತಾರೆ. ಹಳೆಯ ಸ್ಮಶಾನ ನೋಡಲು ಅದಕ್ಕಿಂತ ಒಳ್ಳೆಯ ದಿನ ಇಲ್ಲ ಅನ್ನಿಸಿ ಬೆಳಗ್ಗೆಯೇ ಹಾಸನದಲ್ಲಿ ಬಸ್ ಹತ್ತಿದೆ. ಮನೆಯಲ್ಲಿ ಹೇಳಿದ್ದು ಚಿಕ್ಕಮಗಳೂರಿಗೆ ಅಂತ ಮಾತ್ರ. ಸ್ಮಶಾನಕ್ಕೆ ಅಂದಿದ್ದರೆ ಅಮ್ಮ ಬಾಗಿಲಲ್ಲೇ ತಡೆಯುತ್ತಿದ್ದರು. ಹಳೆಯ ಇಗರ್ಜಿ (ಚರ್ಚು) ಅಂದರೆ ನಮ್ಮ ಕಡೆ ಎಲ್ಲರೂ ಶೆಟ್ಟಿಹಳ್ಳಿಗೆ ಓಡುತ್ತಾರೆ. ಹೇಮಾವತಿ ಹಿನ್ನೀರಿನಲ್ಲಿ ಮುಳುಗಿ ಏಳುವ ಆ ಪಾಳು ಗೋಡೆಗಳ ಫೋಟೋ ಈಗಾಗಲೇ ಜಾಸ್ತಿ ಆಗಿದೆ. ಅದನ್ನು ಬಿಟ್ಟೆ.

ಬೇಲೂರಲ್ಲಿ ಇಳಿದು ಕಾಫಿ ಕುಡಿದೆ. ನಮ್ಮ ಜಿಲ್ಲೆಯಲ್ಲಿ ಸತ್ತವರ ಕಲ್ಲಿಗೇನು ಬರವೇ? ವೀರಗಲ್ಲು ಊರೂರಲ್ಲಿದೆ. ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಎತ್ತಿಕೊಂಡು ಹೋಗುವುದು, ಮೇಲೆ ಲಿಂಗದ ಮುಂದೆ ಅವನು ಕೈಮುಗಿದು ಕೂತಿರುವುದು. ಶ್ರವಣಬೆಳಗೊಳದ ನಿಸಿದಿ ಶಾಸನಗಳಲ್ಲಿ, ಅಂದರೆ ಜೈನರ ಸ್ಮಾರಕ ಕಲ್ಲುಗಳಲ್ಲಿ, ಉಪವಾಸದ ವ್ರತ ಹಿಡಿದು ದೇಹ ಬಿಟ್ಟವರನ್ನು ‘ಮುಡಿಪಿದರ್’ (ಮುಗಿಸಿದರು) ಎಂದು ಬರೆದಿದ್ದಾರೆ. ‘ಸತ್ತರು’ ಅಂತ ನೇರವಾಗಿ ಬರೆಯಲು ಅವರಿಗೂ ಮನಸ್ಸು ಬಂದಿಲ್ಲ. ಈ ಶಾಸನಗಳನ್ನೆಲ್ಲ ಹುಡುಕಿ ಅಚ್ಚು ಹಾಕಿಸಿದ ಬಿ.ಎಲ್. ರೈಸ್ ಬೆಂಗಳೂರಿನ ಒಬ್ಬ ಪಾದ್ರಿಯ ಮಗ, ಅದೂ ಒಂದು ತಮಾಷೆ ಅಲ್ವಾ?

ಅಲ್ಲಿಂದ ಚಿಕ್ಕಮಗಳೂರು ಇಪ್ಪತ್ತೈದು ಕಿಲೋಮೀಟರ್. ಪೇಟೆಯ ಅಂಚಿನ ಸ್ಮಶಾನದಲ್ಲಿ ಸಿಲ್ವರ್ ಓಕ್ ಎಲೆ ದಪ್ಪಗೆ ಬಿದ್ದಿತ್ತು. ಹಿಂಭಾಗದಲ್ಲಿ ಬ್ರಿಟಿಷ್ ದೊರೆಗಳ ಕಾಲದ ಕಲ್ಲುಗಳು. 19ನೇ ಶತಮಾನದಲ್ಲಿ ಕಾಫಿ ತೋಟ ಮಾಡಲು ಬಂದವರಿಗೆ ಮಲೆನಾಡಿನ ಮಲೇರಿಯಾ ಬಿಡಲಿಲ್ಲ. ಅವರ ಮಕ್ಕಳನ್ನಂತೂ ಬಿಡಲೇ ಇಲ್ಲ. ಪುಟ್ಟ ಕಲ್ಲಿನ ಮೇಲೆ ಮಲಗಿದ ಕುರಿಮರಿ ಕಂಡರೆ ಅದು ಮಗುವಿನದು ಅಂತ ಅಕ್ಷರ ಓದದೆಯೂ ತಿಳಿಯುತ್ತದೆ.

ಓದುವುದೇ ಕಷ್ಟ. ಪಾಚಿ, ಮಳೆ, ಸವೆತ. ಕೆಲವು ಅಕ್ಷರಗಳಿಗೆ ಸೀಸ ತುಂಬಿದ್ದರು, ಅದು ಉದುರಿಯೋ ಯಾರೋ ಕಿತ್ತೋ ಬರೀ ತೂತು ಉಳಿದಿದೆ. ಸುಣ್ಣದ ಕಡ್ಡಿ ತಿಕ್ಕಿ ಓದುವವರಿದ್ದಾರೆ, ಕಲ್ಲು ಹಾಳಾಗುತ್ತದೆ. ನಾನು ಬಾಟಲಿ ನೀರು ಸುರಿದು, ಮೊಬೈಲ್ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದೆ. ಅಕ್ಷರ ನೆರಳಿನಲ್ಲಿ ಎದ್ದು ಬಂತು. ಅಷ್ಟರಲ್ಲಿ ಎರಡು ಉಂಬಳ ಕಾಲು ಹಿಡಿದಿದ್ದವು.

ಇಂಗ್ಲಿಷ್ ಕಲ್ಲುಗಳು ‘ತೀರಿಕೊಂಡರು’ ಅಂತ ತಾರೀಕಿನ ಜೊತೆ ಹೇಳಿಬಿಡುತ್ತವೆ. ಆದರೆ ಕೆಳಗಿನ ಸಾಲು ಆ ಮಾತನ್ನು ವಾಪಸ್ ತೆಗೆದುಕೊಳ್ಳುತ್ತದೆ: ಯೇಸುವಿನಲ್ಲಿ ನಿದ್ರಿಸುತ್ತಿದ್ದಾರೆ, ಕಳೆದುಹೋಗಿಲ್ಲ, ಮುಂದೆ ಹೋಗಿದ್ದಾರೆ ಅಷ್ಟೇ. ಸ್ಮಶಾನಕ್ಕೆ ಇಂಗ್ಲಿಷಿನಲ್ಲಿ ಹೇಳುವ ಸೆಮೆಟ್ರಿ ಅನ್ನುವ ಮಾತಿನ ಗ್ರೀಕ್ ಮೂಲಕ್ಕೆ ‘ಮಲಗುವ ಜಾಗ’ ಅಂತಲೇ ಅರ್ಥ. ಐ ಎಚ್ ಎಸ್ ಎಂಬ ಹೆಣೆದ ಅಕ್ಷರಗಳು ಗ್ರೀಕ್‌ನಲ್ಲಿ ಯೇಸುವಿನ ಹೆಸರಿನ ಮೊದಲ ಮೂರು ಅಕ್ಷರ. ಒಂದು ಕಲ್ಲಿನಲ್ಲಿ ಹಡಗಿನ ಲಂಗರು! ಸಮುದ್ರ ಘಟ್ಟದ ಆಚೆ ಇದೆ, ಇಲ್ಲಿ ಲಂಗರು ಯಾಕೆ? ನಿರೀಕ್ಷೆಯೇ ಪ್ರಾಣಕ್ಕೆ ಲಂಗರು ಅಂತ ಬೈಬಲಿನ ಇಬ್ರಿಯರಿಗೆ ಬರೆದ ಪತ್ರದಲ್ಲಿ ಬರುತ್ತದೆ. ಅದರ ಗುರುತು ಇದು.

ಕನ್ನಡ ಕಲ್ಲುಗಳು ಗೇಟಿನ ಹತ್ತಿರ. ನನಗೆ ಹಿಡಿಸಿದ್ದು ಇವೇ. ಶಿಲುಬೆಯ ಬುಡದಲ್ಲಿ ದೀಪಕ್ಕೊಂದು ಗೂಡು, ಥೇಟ್ ನಮ್ಮ ತುಳಸಿಕಟ್ಟೆಯ ಹಾಗೆ. ಒಂದರ ಮೇಲೆ ‘ಯೆಹೋವನೇ ಕೊಟ್ಟನು, ಯೆಹೋವನೇ ತೆಗೆದುಕೊಂಡನು’. ಬೈಬಲಿನ ಯೋಬನ ಮಾತು. ಇನ್ನೊಂದರಲ್ಲಿ ‘ನಾನೇ ಪುನರುತ್ಥಾನವೂ ಜೀವವೂ ಆಗಿದ್ದೇನೆ’. ಕೆತ್ತಿದವನಿಗೆ ಜಾಗ ಸಾಲದೆ ‘ಆಗಿದ್ದೇನೆ’ ಎರಡು ಸಾಲಿಗೆ ಒಡೆದಿದೆ. ಹೆಸರಿನ ಕೆಳಗೆ ‘ಜನನ’ ಇದೆ, ‘ಮರಣ’ ಕಡಿಮೆ. ‘ಪ್ರಭುವಿನಲ್ಲಿ ನಿದ್ರಿಸಿದ್ದು’ ಅಂತ ಬರೆದು ತಾರೀಕು.

ಸಂಜೆ ಫಾದರ್ ಬಂದು ಸಮಾಧಿಗಳಿಗೆ ತೀರ್ಥ ಚಿಮುಕಿಸಿದರು. ಚೆಂಡುಹೂವಿನ ವಾಸನೆ, ಮೇಣದ ಹೊಗೆ. ಒಬ್ಬ ಅಜ್ಜಿ ಸೆರಗು ಸಿಕ್ಕಿಸಿಕೊಂಡು ಕಲ್ಲಿಗೆ ಸುಣ್ಣ ಬಳಿಯುತ್ತಿದ್ದರು.

‘ಯಾರದ್ದಜ್ಜಿ?’

‘ನಮ್ಮೋರ್ದು ಕಣಪ್ಪ. ಕನ್ನಡಕ ತಂದಿಲ್ಲ. ಏನು ಬರ್ದಿದೆ ಓದು ನೋಡಾನ.’

ಓದಿದೆ. ಗಂಡನ ಹೆಸರು, ಜನನ, ನಿದ್ರಿಸಿದ್ದು, ತಾರೀಕು. ಪಕ್ಕದಲ್ಲೇ ಅದೇ ಅಳತೆಯಲ್ಲಿ ಇನ್ನೊಂದು ಹೆಸರು, ಅದಕ್ಕೂ ಜನನದ ವರ್ಷ. ಕೆಳಗೆ ‘ನಿದ್ರಿಸಿದ್ದು’ ಅಂತ ಕೆತ್ತಿ, ಮುಂದೆ ಖಾಲಿ ಬಿಟ್ಟಿದ್ದರು. ನಾನು ನಿಲ್ಲಿಸಿದೆ.

‘ಅದು ನಂದು,’ ಅಂದರು ಅಜ್ಜಿ. ‘ಒಟ್ಟಿಗೆ ಕೆತ್ತಿಸಿದ್ರೆ ಕಮ್ಮಿ ಆಯ್ತದೆ ಅಂದ್ರು.’ ಆ ಅರ್ಧಕ್ಕೂ ಸುಣ್ಣ ಬಳಿದು, ಕುಂಚವನ್ನು ಡಬ್ಬಿಯ ಅಂಚಿಗೆ ಒರೆಸಿದರು.