ಮೊಟ್ಟೆ ತೊಳೆಯಬೇಡಿ, ಮೈದಾ ಮರೆಯಬೇಡಿ

ಮೊಟ್ಟೆ ತಂದ ಕೂಡಲೇ ನಲ್ಲಿ ಕೆಳಗೆ ಹಿಡಿದು, ಉಜ್ಜಿ ತೊಳೆದು, ಒರೆಸಿ ಜೋಡಿಸಿಡುವವರು ತುಂಬಾ ಜನ ಇದ್ದಾರೆ. ಶುಚಿ ಅನ್ನಿಸುತ್ತದೆ, ನಿಜ. ಆದರೆ ಹಾಗೆ ಮಾಡಿದರೆ ಮೊಟ್ಟೆಗೆ ಹುಟ್ಟುತ್ತಲೇ ಬಂದ ಕಾವಲು ಹೋಗುತ್ತದೆ.

ಚಿಪ್ಪು ಗಟ್ಟಿ ಅಂತ ಕಂಡರೂ ಅದರ ತುಂಬಾ ಕಣ್ಣಿಗೆ ಕಾಣದ ತೂತುಗಳು, ಒಂದು ಕೋಳಿಮೊಟ್ಟೆಯಲ್ಲಿ ಸುಮಾರು 7,000ದಿಂದ 17,000. ಒಳಗೆ ಮರಿ ಬೆಳೆದರೆ ಅದು ಉಸಿರಾಡಬೇಕಲ್ವಾ, ಅದಕ್ಕೆ. ಕೋಳಿ ಮೊಟ್ಟೆ ಇಟ್ಟಾಗ ಚಿಪ್ಪಿನ ಮೇಲೆ ತೆಳ್ಳಗಿನ ಒದ್ದೆ ಪದರ ಇರುತ್ತದೆ. ಕೆಲವೇ ನಿಮಿಷದಲ್ಲಿ ಅದು ಒಣಗಿ ತೂತುಗಳ ಬಾಯಿ ಮುಚ್ಚುತ್ತದೆ. ಕ್ಯೂಟಿಕಲ್ ಅಂತಾರೆ, ಬಹುಪಾಲು ಪ್ರೋಟೀನೇ. ಗಾಳಿ ಓಡಾಡುತ್ತದೆ, ಆದರೆ ಬ್ಯಾಕ್ಟೀರಿಯಾಗೆ ಒಳಗೆ ನುಗ್ಗೋದು ಕಷ್ಟ, ಒಳಗಿನ ನೀರಿನಂಶವೂ ಬೇಗ ಆರುವುದಿಲ್ಲ.

ತಣ್ಣೀರಲ್ಲಿ ತೊಳೆಯುವುದಂತೂ ಇನ್ನೂ ಕೆಟ್ಟದ್ದು. ತಂಪಿಗೆ ಒಳಗಿನ ಲೋಳೆ ಕುಗ್ಗುತ್ತದೆ, ಆಗ ಚಿಪ್ಪಿನ ಮೇಲಿನ ನೀರು, ಅದರ ಜೊತೆಗಿನ ಕೊಳೆ ಸಮೇತ, ತೂತುಗಳಿಂದ ಒಳಕ್ಕೆ ಎಳೆದುಕೊಳ್ಳುತ್ತದೆ. ಅಮೆರಿಕದಲ್ಲಿ ಅಂಗಡಿಗೆ ಬರುವ ಮೊಟ್ಟೆಗಳನ್ನು ತೊಳೆದೇ ಕಳಿಸುತ್ತಾರೆ, ಆದರೆ ಮೊಟ್ಟೆಗಿಂತ ಬಿಸಿಯಾದ ನೀರಲ್ಲಿ, ಆಮೇಲೆ ಫ್ರಿಜ್ಜಲ್ಲೇ ಇಡಬೇಕು. ಯುರೋಪಿನ ಹೆಚ್ಚಿನ ದೇಶಗಳಲ್ಲಿ ತೊಳೆಯದೇ ಮಾರುತ್ತಾರೆ. ನನಗೆ ಎರಡನೆಯದೇ ಸರಿ ಅನ್ನಿಸುತ್ತದೆ. ಗಲೀಜಾಗಿದ್ದರೆ ಒಣ ಬಟ್ಟೆಯಲ್ಲಿ ಒರೆಸಿ, ಅದನ್ನೇ ಮೊದಲು ಬಳಸಿ. ತೊಳೆಯಲೇಬೇಕು ಅಂದ್ರೆ ಇನ್ನೇನು ಒಡೆಯಬೇಕು ಅನ್ನುವಾಗ ತೊಳೆಯಿರಿ, ಅಷ್ಟೇ.

ತನಗೆ ಇಷ್ಟೆಲ್ಲ ಹೊದಿಕೆ ಇರುವ ಈ ಮೊಟ್ಟೆ, ಒಡೆದ ಮೇಲೆ ಬೇರೆ ತಿಂಡಿಗೆ ಹೊದಿಕೆ ಆಗುತ್ತದೆ. ಕಟ್ಲೆಟ್ ಕರಿಯುವಾಗ ಬ್ರೆಡ್ ಪುಡಿಯೆಲ್ಲ ಎಣ್ಣೆಯಲ್ಲಿ ಉದುರಿಹೋದರೆ ಎಲ್ಲರೂ ಮೊಟ್ಟೆಯನ್ನೇ ಬೈಯ್ಯೋದು. ತಪ್ಪು ಸಾಮಾನ್ಯವಾಗಿ ಮೊಟ್ಟೆಗೆ ಅದ್ದುವ ಮುಂಚೆ ಮೈದಾದಲ್ಲಿ ಹೊರಳಿಸದೆ ಬಿಟ್ಟವರದ್ದು. ಕಟ್ಲೆಟ್ಟಿನ ಒದ್ದೆ ಮೈಗೆ ಮೊಟ್ಟೆ ನಿಲ್ಲುವುದಿಲ್ಲ, ಜಾರುತ್ತದೆ, ಕಾದಾಗ ನಡುವೆ ಹಬೆ ಸೇರಿ ಹೊದಿಕೆ ಎದ್ದು ಬರುತ್ತದೆ. ಮೈದಾ ಆ ತೇವ ಹೀರುತ್ತದೆ, ಮೈದಾಗೆ ಮೊಟ್ಟೆ ಹಿಡಿಯುತ್ತದೆ, ಮೊಟ್ಟೆಗೆ ಪುಡಿ. ಬಿಳಿ ಸುಮಾರು 62 ಡಿಗ್ರಿ ಸೆಲ್ಸಿಯಸ್‌ಗೇ ಗಟ್ಟಿಯಾಗಲು ಶುರುವಾಗುತ್ತದೆ, ಹಾಗಾಗಿ ಕಾದ ಎಣ್ಣೆಗೆ ಬಿದ್ದ ಕೂಡಲೇ ಮೂರೂ ಒಂದಾಗಿ ಕೂತುಬಿಡುತ್ತವೆ.

ಮೊಟ್ಟೆಯನ್ನು ಸುಮ್ನೆ ಎರಡು ಸಲ ಕಲಕಿ ಬಿಟ್ಟರೆ ಆಗಲ್ಲ. ಚಿಟಿಕೆ ಉಪ್ಪು, ಒಂದು ಚಮಚ ನೀರು ಹಾಕಿ ಚೆನ್ನಾಗಿ ಕದಡಿ. ಫೋರ್ಕ್ ಎತ್ತಿದರೆ ಲೋಳೆ ಗಂಟುಗಂಟಾಗಿ ಜಾರದೆ ದಾರದಂತೆ ಇಳಿಯಬೇಕು. ಮೈದಾ ಜಾಸ್ತಿ ಇದ್ದರೆ ಕೊಡವಿ. ಪುಡಿ ಒತ್ತಿದ ಮೇಲೆ ಹತ್ತು ಹದಿನೈದು ನಿಮಿಷ ಹಾಗೇ ಬಿಡಿ, ಆಮೇಲೆ ಕರಿಯಿರಿ.

ಬನ್ನಿಗೆ ಸವರುವುದಾದರೆ ಲೆಕ್ಕ ಬೇರೆ. ಬರೀ ಬಿಳಿ ಹಚ್ಚಿದರೆ ಹೊಳಪು ಬರುತ್ತದೆ, ಬಣ್ಣ ಕಮ್ಮಿ. ಹಳದಿ ಹಚ್ಚಿದರೆ ಕೆಂಪಗೆ ಬೇಯುತ್ತದೆ. ಬ್ರಷ್ಷಿನಲ್ಲಿ ತೆಳ್ಳಗೆ ಎಳೆಯಿರಿ, ಅಂಚಿನಿಂದ ಟಿನ್ನಿಗೆ ಇಳಿದರೆ ಬನ್ ಅಲ್ಲೇ ಅಂಟಿಕೊಂಡುಬಿಡುತ್ತದೆ.